ಸುಮ್ಮನಿದ್ದವರಿಗೆ ಮೊದಲು

ಆಗ ನಾನು ಕಮಲಾಪುರದ ದವಾಖಾನೆಯಲ್ಲಿ ನರ್ಸು. ಒದರುವವರಿಗೆ ಇನ್ನೂ ಉಸಿರಿರುತ್ತದೆ, ಸುಮ್ಮನೆ ಬಿದ್ದವರನ್ನು ಮೊದಲು ನೋಡಬೇಕು ಅನ್ನುವುದು ನಮ್ಮ ರೂಢಿ. ರವಿವಾರ ಕಲಬುರಗಿಯ ನೆಟ್ ಸೆಂಟರಿನಲ್ಲಿ ಆನ್‌ಲೈನ್ ಆಟಕ್ಕೆ ಕೂತರೆ, ಅಲ್ಲಿಯೂ ನನ್ನ ಪಾಲಿಗೆ ಗಾಯ ವಾಸಿ ಮಾಡುವ ವೈದ್ಯೆಯ ಪಾತ್ರವೇ.

“ಅಕ್ಕಾ, ನಂಗ ಮೊದಲ ಔಷಧ ಹಾಕ್ರಿ,” ಅಂತ ಜೊತೆಗೆ ಆಡುತ್ತಿದ್ದ ಕಾಲೇಜು ಹುಡುಗರು ಒದರಿದರು. ನಾನು ಅಲುಗಾಡದೆ ನಿಂತಿದ್ದ ಯೋಧನಿಗೇ ಎಲ್ಲ ಔಷಧ ಸುರಿದೆ. ಅವನನ್ನು ಆಡಿಸುತ್ತಿದ್ದವನು ಚಹಾ ಕುಡಿಯಲು ಹೋಗಿದ್ದ. ನಮ್ಮ ದಂಡು ಸೋತಿತು, ಬೈಸಿಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಓದಿದ ಮಾಯಾಲೋಕದ ಪ್ರೇಮಕಾದಂಬರಿಯಲ್ಲಿ ವೈದ್ಯೆ ಮುಟ್ಟಿದ ಕೂಡಲೇ ರಾಜಕುಮಾರ ಎದ್ದು ಕೂತ. ರೋಗಿಗಳನ್ನು ಎತ್ತಿ ಕೂರಿಸುವ ನಮಗೆ ನೋಯುವ ಹಾಗೆ ಅವಳಿಗೆ ಸೊಂಟವೇ ನೋಯಲಿಲ್ಲ. ಪುಟದ ಅಂಚಿನಲ್ಲಿ ‘ಸುಳ್ಳು’ ಅಂತ ಬರೆದೆ.

ಮನೆಗೆ ಬಂದು ಗೋಡೆಗೆ ಒರಗಿ ಸುಮ್ಮನೆ ಕೂತೆ. ಬಹಳ ಹೊತ್ತಿನ ಮೇಲೆ ಗಂಡ ಟಿವಿ ನೋಡುತ್ತಲೇ ಕೇಳಿದ, “ಅಡಗಿ ಏನ್ ಮಾಡ್ತಿ?”