ಮಡಿಕೆಯೊಳಗಿನ ಹಡಗು

ಮೊನ್ನೆ ಮದ್ದೂರಿನ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ಮುಂದಿದ್ದ ಹೆಂಗಸು ಒಂದು ಹಳೆಯ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸುತ್ತಿದ್ದರು. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿ ಸುಮ್ಮನಿರಲಿಲ್ಲ. "ಮಡಿಕೆ ಇದ್ರೆ ಬಿಡಿಸಿ ನೋಡ್ಬಿಡಿ ಅಮ್ಮ" ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಟೀಚರುಗಳಿಗೆ ಕಂಡವರಿಗೆಲ್ಲ ಬುದ್ಧಿ ಹೇಳುವ ಚಟ ಎಂದುಕೊಂಡಿರಬೇಕು. ಚಟ ಇರುವುದು ನಿಜವೇ. ಆದರೆ ಈ ಒಂದು ಬುದ್ಧಿ ನನಗೆ ಬಂದದ್ದು ಇನ್ನೊಬ್ಬರ ಸೊತ್ತು ಕೆಡಿಸಿದ ಮೇಲೆ.

ಆ ಸೊತ್ತು ಬೆಸಗರಹಳ್ಳಿಯ ನನ್ನ ಚಿಕ್ಕಪ್ಪನದು. ಬಸ್ ಕಂಡಕ್ಟರ್ ಆಗಿದ್ದವರು. ಮಂಡ್ಯದಲ್ಲಿ ಬಸ್ಸು ನಿಂತಾಗ ಡ್ರೈವರ್ ಟೀ ಕುಡಿಯಲು ಹೋದರೆ ಇವರು ಗುಜರಿ ಅಂಗಡಿಗೆ ಹೋಗುತ್ತಿದ್ದರು. ಹಳೆಯ ಛಾಪಾ ಕಾಗದ, ಯಾರದೋ ಮದುವೆಯ ಕರೆಯೋಲೆ, ಯಾರೋ ನಪಾಸಾದ ಮಾರ್ಕ್ಸ್ ಕಾರ್ಡು, ಏನು ಸಿಕ್ಕರೂ ಟಿಕೆಟ್ ಚೀಲದಲ್ಲಿ ಮನೆಗೆ ಬರುತ್ತಿತ್ತು. "ಒಲೆ ಅಚ್ಚಕ್ಕೂ ಬಾರ್ದ ಕಾಗ್ದ" ಎಂದು ಚಿಕ್ಕಮ್ಮ ಗೊಣಗುತ್ತಿದ್ದರು. ನಿವೃತ್ತರಾದ ಮೇಲೆ ಆ ಹುಚ್ಚು ಇನ್ನಷ್ಟು ಹೆಚ್ಚಿತು.

ಒಂದು ಮಳೆಗಾಲದಲ್ಲಿ, ಯಾವುದೋ ಬಂಗಲೆಯಿಂದ ಗುಜರಿಗೆ ಬಿದ್ದ ಪುಸ್ತಕದ ರಾಶಿಯೊಳಗೆ ಅವರಿಗೆ ಇಂಗ್ಲಿಷಿನ ಒಂದು ಉದ್ದ ಹಾಳೆ ಸಿಕ್ಕಿತು. ಆತಗೂರಿನ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತಿದ್ದೆನಲ್ಲ, ಟವೆಲಿನಲ್ಲಿ ಸುತ್ತಿಕೊಂಡು ನೇರ ನನ್ನ ಮನೆಗೇ ಬಂದರು.

"ಓದ್ಕೊಡು ಕಣವ್ವ. ನೋಡಿಲ್ಲಿ, ಸಯಿ ಮೇಲ್ಗಡೆ ಆಕವ್ನೆ. ಕಾಗ್ದ ಸುರುವಾಗಕ್ ಮುಂಚೆನೇ ಸಯಿ ಆಕೋನು ಎಂತೋನಿರ್ಬೋದು?"

ಎಡಮೂಲೆಯಲ್ಲಿ ಅಗಲವಾದ ಒಂದು ಹೆಸರು, ಅದರ ಪಕ್ಕ 'ಆರ್' ಎಂಬ ಅಕ್ಷರ. ಅದು ಇನಿಷಿಯಲ್ಲೇ ಎಂದು ಚಿಕ್ಕಪ್ಪ ತೀರ್ಮಾನಿಸಿದರು. "ಅವರಪ್ಪ ರಂಗಪ್ಪನೋ ರಾಮೇಗೌಡನೋ ಇರ್ಬೇಕು." ನಾನೂ ನಕ್ಕೆ. ಒಂದು ವಾರ ಮೊಬೈಲಿನಲ್ಲಿ ತಡಕಾಡಿದ ಮೇಲೆ ತಿಳಿಯಿತು: 'ಆರ್' ಅಂದರೆ ಲ್ಯಾಟಿನ್ನಿನ 'ರೆಕ್ಸ್', ಅಂದರೆ ರಾಜ; ರಾಜರು ಸಹಿ ಹಾಕುವುದು ಕಾಗದದ ತಲೆಯ ಮೇಲೇ. ಅದು ಇನ್ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ದೊರೆ ಹಾಕಿದ ಸಹಿ! ಹೇಳಿದೊಡನೆ ಚಿಕ್ಕಪ್ಪ ಎದ್ದು ನಿಂತು ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡರು. ಮರುಗಳಿಗೆಯೇ ಮತ್ತೆ ಹೆಗಲಿಗೆ ಹಾಕಿಕೊಂಡರು. "ಅಲ್ಲಾ, ಸ್ರೀರಂಗಪಟ್ಣಕ್ಕೆ ಪಿರಂಗಿ ಒಡ್ಸಿದ್ದು ಇವನ ಕಾಲ್ದಲ್ಲೇ ತಾನೆ?"

ಹಾಳೆ ಮುಟ್ಟಿದರೆ ಉದುರುವಂತಿತ್ತು. ಅದು ಹಾಳಾಗದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ನಾನು ಅದನ್ನು ಲ್ಯಾಮಿನೇಷನ್‌ಗೆ ಕೊಟ್ಟೆ. ಅದರ ಕೆಳತುದಿ ನಾಲ್ಕು ಬೆರಳಿನಷ್ಟು ಮುಂದಕ್ಕೆ ಮಡಚಿಕೊಂಡಿತ್ತು. ಬಿಡಿಸಿದರೆ ಪ್ಲಾಸ್ಟಿಕ್ ಹಾಳೆಗೆ ಉದ್ದವಾಗುತ್ತದೆ ಅಂದ ಅಂಗಡಿಯವನು. ಹಾಗೇ ಹಾಕಿ ಅಂದೆ. ಚಿಕ್ಕಪ್ಪನಿಗೆ ಹಿಗ್ಗೋ ಹಿಗ್ಗು. "ಈಗ ನೀರ್ ಬಿದ್ರೂ ಏನೂ ಆಗಕಿಲ್ಲ" ಎಂದು ಕ್ಯಾಲೆಂಡರಿನ ಪಕ್ಕದಲ್ಲೇ ನೇತುಹಾಕಿದರು.

ಆಮೇಲೆ ಭಾನುವಾರಗಳಲ್ಲಿ ನಾನು ಹೋಗಿ ಸಾಲು ಸಾಲಾಗಿ ಓದುತ್ತಾ ಬಂದೆ. ಬಳ್ಳಿ ಬಳ್ಳಿಯಾದ ಅಕ್ಷರ, ದಿನಕ್ಕೆ ಎರಡು ಸಾಲು ಬಗೆಹರಿದರೆ ಹೆಚ್ಚು. ಅದು ಒಂದು ಹಡಗಿಗೆ ಕೊಟ್ಟ ಪರವಾನಗಿ. ಫ್ರಾನ್ಸಿನ ಮೇಲೆ ಯುದ್ಧ ನಡೆಯುತ್ತಿದ್ದ ಕಾಲ. ಈ ಹಡಗು ಶತ್ರುವಿನ ಬಂದರಿಗೇ ಹೋಗಿ ಗೋಧಿ ತುಂಬಿಕೊಂಡು ಬರಬಹುದು, ನಮ್ಮ ಯುದ್ಧನೌಕೆಗಳು ಅದನ್ನು ತಡೆಯಬಾರದು ಎಂದು ದೊರೆಯ ಅಪ್ಪಣೆ.

"ಒಡ್ದಾಡ್ಕಂಡೇ ಅವರ ತಾವ್ಲೇ ಗೋಧಿ ತರುಸ್ಕತಿದ್ನಾ?" ಎಂದು ಚಿಕ್ಕಪ್ಪ ಬೆರಗಾದರು.

ಅದರಲ್ಲಿ ಬೆರಗೇನಿದೆ ಎಂದು ಚಿಕ್ಕಮ್ಮ ಕೇಳಿದರು. ಅವರು ಹೇಳಿದ್ದೂ ಸರಿಯೇ. ಬದುವಿನ ಜಗಳದಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ಹನ್ನೊಂದು ವರ್ಷ ಮಾತಿರಲಿಲ್ಲ. ಗಂಡಸರು ಕೋರ್ಟಿಗೆ ಅಲೆಯುತ್ತಿದ್ದ ದಿನಗಳಲ್ಲೇ ಹಿತ್ತಿಲ ಬೇಲಿಯ ಸಂದಿನಿಂದ ಆ ಮನೆಯ ಹೆಪ್ಪು ನಮ್ಮ ಹಾಲಿಗೆ ಬರುತ್ತಿತ್ತು. ನಮ್ಮಜ್ಜಿ ಅದಕ್ಕೆ ಯಾವ ದೊರೆಯ ಪರವಾನಗಿಯನ್ನೂ ಕೇಳಿರಲಿಲ್ಲ.

ಚಿಕ್ಕಪ್ಪನಿಗೆ ರಾಜನಿಗಿಂತ ಹಡಗಿನ ಮೇಲೇ ಆಸೆ ಹುಟ್ಟಿತು. ಎಷ್ಟು ಜನ ಇದ್ದರು, ಹಡಗಿನ ಹೆಸರೇನು, ಹೋಗಿ ಬಂತೋ ಇಲ್ಲವೋ. ಸಮುದ್ರವನ್ನೇ ಕಾಣದ ಮನುಷ್ಯ. "ಬೋರ್ಡಿಲ್ದ ಬಸ್ಸು ಎಲ್ಲಾರ ಉಂಟಾ? ಎಸ್ರು ಇದ್ದೇ ಇರ್ತದೆ, ಓದು" ಎಂದು ಒತ್ತಾಯಿಸುತ್ತಿದ್ದರು. ಕೊನೆಗೊಂದು ಭಾನುವಾರ ಆ ಸಾಲಿಗೆ ಬಂದೆ: 'ಕೆಳಗೆ ಹೆಸರಿಸಿರುವ ಹಡಗು'. ಕೆಳಗೆ ಎಂದರೆ ಮಡಿಕೆಯ ಒಳಗೆ. ಪ್ಲಾಸ್ಟಿಕ್ಕಿನ ಕೆಳಗೆ, ನಾನೇ ಮುಚ್ಚಿಸಿದ ಜಾಗದಲ್ಲಿ.

ಅಂದು ಸುಳ್ಳು ಹೇಳಿದೆ. ಅಕ್ಷರ ಅಳಿಸಿದೆ ಅಂದೆ. ಮೂರು ವಾರ ಅತ್ತ ತಲೆ ಹಾಕಲಿಲ್ಲ. ನಾಲ್ಕನೆಯ ವಾರ ಹೋಗಿ, ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದವರ ಎದುರು ಕೂತು ನಿಜ ಹೇಳಿಬಿಟ್ಟೆ. ಚಿಕ್ಕಪ್ಪನ ಕೈ ನಿಂತಿತು.

"ಓದ್ಕೊಡು ಅಂತ ಕೊಟ್ರೆ ಓದ್ದಂಗೇ ಮುಚ್ಬುಟ್ಟಲ್ಲವ್ವ."

ಅಷ್ಟೇ ಅಂದದ್ದು. ಎದ್ದು ಒಳಗೆ ಹೋದರು. ಬೈದಿದ್ದರೆ ಹಗುರಾಗುತ್ತಿತ್ತು. ಆಮೇಲೆ ಫೋನ್ ಮಾಡಿದರೂ ಎತ್ತಲಿಲ್ಲ. ಹದಿನೈದು ದಿನ ಬಿಟ್ಟು ತಾವೇ ಫೋನ್ ಮಾಡಿ, "ಮೈಸೂರ್ಗೆ ಓಗನ, ರಜ ಆಕು" ಅಂದರು.

ಮೈಸೂರಿನಲ್ಲಿ ಹಳೆಯ ಓಲೆ, ಕಾಗದಗಳನ್ನು ದುರಸ್ತಿ ಮಾಡುವ ಹಿರಿಯರೊಬ್ಬರ ಬಗ್ಗೆ ಯಾರೋ ಚಿಕ್ಕಪ್ಪನಿಗೆ ಹೇಳಿದ್ದರು. ಆ ಹಿರಿಯರು ಹಾಳೆಯನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. "ಅಸಲಿಯೇ. ಸಂಗ್ರಹ ಮಾಡುವವರು ಪ್ಲಾಸ್ಟಿಕ್ ಸಮೇತ ಕೊಂಡರೂ ಕೊಂಡಾರು. ಅವರಿಗೆ ಬೇಕಾದದ್ದು ರಾಜನ ಸಹಿ" ಅಂದರು. ಮಡಿಕೆ ಬಿಡಿಸಬೇಕಾದರೆ ಬಿಸಿ ಮಾಡಿ ಪ್ಲಾಸ್ಟಿಕ್ಕನ್ನು ಪೂರ್ತಿ ಎಳೆಯಬೇಕು, ಅರ್ಧಕ್ಕೆ ಬಿಟ್ಟರೆ ಕಾಗದ ಅಲ್ಲೇ ಸೀಳುತ್ತದೆ. ಮಡಿಕೆಯೊಳಗಿನ ಬರಹಕ್ಕೆ ಅಂಟು ತಾಗಿಲ್ಲ, ಅದು ಉಳಿಯಬಹುದು. ಮೇಲಿನ ಸಹಿ ಪ್ಲಾಸ್ಟಿಕ್ಕಿನ ಜೊತೆ ಕಿತ್ತು ಬಂದರೂ ಬಂತು.

ಬೇಡ ಚಿಕ್ಕಪ್ಪ, ಇದ್ದಂತೆ ಇರಲಿ ಎಂದು ನಾನು ಬೇಡಿಕೊಂಡೆ.

"ನೀ ಸುಮ್ಕಿರು. ರಾಜ್ನ ಎಸ್ರು ಎಲ್ಲಾ ಪುಸ್ತಕದಲ್ಲೂ ಐತೆ. ಈ ಹಡಗಿನೋರ್ದು ಇದೊಂದ್ರಲ್ಲೇ ಇರೋದು." ಆ ಹಿರಿಯರ ಕಡೆ ತಿರುಗಿ, "ಕೀಳಿ ಸಾಮಿ" ಅಂದರು.

ಮಧ್ಯಾಹ್ನವೆಲ್ಲಾ ಕಳೆಯಿತು. ಸಹಿಯಲ್ಲಿ ಅರ್ಧ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಹೋಯಿತು. 'ಆರ್' ಅಂತೂ ಉಳಿಯಲೇ ಇಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಚಿಕ್ಕಪ್ಪ ಆ ಕಡೆ ನೋಡಲೂ ಇಲ್ಲ. ಮಡಿಕೆ ಮೆಲ್ಲಗೆ ಬಿಚ್ಚಿಕೊಂಡಿತು. ಒಳಗಿನ ಮಸಿ ನಿನ್ನೆ ಬರೆದಂತಿತ್ತು. ನಾನು ಓದಿದೆ: ಹಡಗಿನ ಹೆಸರು 'ಟೂ ಸಿಸ್ಟರ್ಸ್', ಆಳು ಎಂಟು ಮಂದಿ. ಅದರ ಮುಂದೆ ಅದು ಹೊರಡುವ ಬಂದರಿನ ಹೆಸರು.

"ಅಕ್ಕತಂಗೀರಾ! ಬರೀ ಎಂಟಾಳಾ!" ಎಂದರು ಚಿಕ್ಕಪ್ಪ. ಎಂಟು ಬೆರಳು ಮಡಚಿ, ಅದನ್ನೇ ನೋಡುತ್ತಾ ಕೂತರು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ, "ಈಗ ಅವ್ರು ವಾಪಸ್ ಬಂದ್ರಾ ಇಲ್ವಾ ಅಂತ ಗೊತ್ತಾಗ್ಬೇಕಲ್ಲವ್ವ" ಅಂದರು. ಅವರು ನನ್ನ ಮೇಲಿನ ಸಿಟ್ಟು ಬಿಟ್ಟಿದ್ದಾರೆಂದು ನನಗೆ ತಿಳಿದದ್ದು ಆಗಲೇ.

ಕಳೆದ ವಾರ ಇಬ್ಬರೂ ಕೂತು ಆ ಬಂದರಿನ ದಾಖಲೆ ಕಚೇರಿಗೊಂದು ಕಾಗದ ಬರೆದೆವು. ಈಮೇಲ್ ಮಾಡೋಣ ಅಂದದ್ದಕ್ಕೆ ಚಿಕ್ಕಪ್ಪ ಒಪ್ಪಲಿಲ್ಲ. "ನಾವೆಲ್ಲಾ ಚೆನ್ನಾಗಿವಿ, ನೀವೆಲ್ಲ ಚೆನ್ನಾಗಿದ್ದೀರಾ ಅಂತ ಮೊದ್ಲು ಬರಿ. ಆಮೇಲೆ ಹಡಗಿನ ಇಸ್ಯ ಕೇಳು." ಹಾಗೇ ಬರೆದೆ. ಇಷ್ಟು ವರ್ಷ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಕಲಿಸಿದ ನಾನು ನಿಜವಾಗಿ ಉತ್ತರ ಬೇಕೆಂದು ಇಂಗ್ಲಿಷಿನಲ್ಲಿ ಬರೆದ ಮೊದಲ ಪತ್ರ ಅದು.

ಇವತ್ತು ಬೆಳಿಗ್ಗೆ ಅಂಚೆ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ವಿಳಾಸ ನೋಡಿ, "ಯಾರವ್ರೆ ಮೇಡಂ ಅಲ್ಲಿ ನಿಮ್ಮೋರು?" ಎಂದು ಕೇಳಿದರು.

ಯಾರೂ ಇಲ್ಲ, ಇನ್ನೂರು ವರ್ಷದ ಹಿಂದೆ ಒಂದು ಹಡಗು ಗೋಧಿ ತರಲು ಹೊರಟಿತ್ತು, ಅದು ಊರು ಸೇರಿತಾ ಎಂದು ವಿಚಾರಿಸಿದ್ದೇವೆ ಅಂದೆ.

ಆಕೆ ಲಕೋಟೆಯನ್ನು ತಿರುಗಿಸಿ ನೋಡಿದರು. "ಕೇಳಕ್ಕೆ ಇಷ್ಟು ತಡ ಮಾಡುದ್ರಾ?" ಅಂದರು. ಸ್ಟಾಂಪು ಹಚ್ಚಿ, ಮುದ್ರೆ ಒತ್ತಿ, ಲಕೋಟೆಯನ್ನು ಹಿಂದಿನ ಬುಟ್ಟಿಗೆ ಹಾಕಿದವರು ನಾನು ಬಾಗಿಲು ದಾಟುವಾಗ ಕೂಗಿದರು.

"ಮೇಡಂ, ಉತ್ತರ ಬಂದ್ರೆ ನಂಗೂ ಓದಿ ಏಳ್ಬುಡಿ."