ಪಂಪ್ ಸ್ಟವ್‌ಗೆ ಕೊಬ್ಬರಿ ಎಣ್ಣೆ

ನಮ್ಮ ಮನೆಯವರಿಗೆ ಹೊಸ ಹೊಸ ಕ್ಯಾಂಪಿಂಗ್ ಸ್ಟವ್ ಕೊಳ್ಳುವ ಚಪಲ. ಐದು ಬೇಸಿಗೆಗೆ ಮೂರು ಬಂದವು. ಒಂದರಲ್ಲಿ ಕಿಡಿ ಹಾರಿಸುವ ಬಟನ್ ಎರಡನೇ ಟ್ರಿಪ್ಪಿಗೇ ಕೈ ಕೊಟ್ಟಿತು. ಇನ್ನೊಂದರ ಕಾಲು ಸಾರಿನ ಪಾತ್ರೆಯ ಭಾರಕ್ಕೇ ಸೊಟ್ಟಗಾಯಿತು. ಮೂರನೆಯದನ್ನು ಹೋದ ಜೂನ್‌ನಲ್ಲಿ ಆನ್ ಆರ್ಬರ್ ಹತ್ತಿರದ ಕೆರೆ ದಂಡೆಯಲ್ಲಿ ಕ್ಯಾಂಪ್ ಹಾಕಿದ್ದಾಗ ಬೆಳಗಿನ ಕಾಫಿಗೆ ಹಚ್ಚಲು ಹೋದೆ, ಪ್ಲಾಸ್ಟಿಕ್ ನಾಬ್ ಲಟಕ್ಕನೆ ಮುರಿದು ಕೈಗೇ ಬಂತು. "ಥೂ, ಇದರ ಮನೆ ಹಾಳಾಗ!" ಅಂದೆ. ಪಕ್ಕದಲ್ಲಿ ಕೂತಿದ್ದ ಅತ್ತೆ ನನ್ನ ಕೈಲಿದ್ದ ನಾಬ್ ನೋಡಿದರು. ಮುಖ ಕೆರೆ ಕಡೆ ತಿರುಗಿಸಿಕೊಂಡರು.

ಯಾಕೆ ಅಂತ ನನಗೆ ಗೊತ್ತು. ಮಾರ್ಚ್‌ನಲ್ಲಿ ಮೈಸೂರಿಂದ ಅಮೆರಿಕಕ್ಕೆ ನಮ್ಮಲ್ಲಿಗೆ ಬಂದಿದ್ದ ಅತ್ತೆ, ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಹಾಲಿಟ್ಟು ನಿದ್ದೆ ಹೋಗಿದ್ದರು. ನಾನು ಆಫೀಸಿಂದ ಬಂದರೆ ಬೋಲಿಂಗ್‌ಬ್ರೂಕಿನ ನಮ್ಮ ಮನೆ ತುಂಬ ಹೊಗೆ, ಪಾತ್ರೆ ಕರೀ ಮಸಿ. ನನ್ನ ಜೀವ ಬಾಯಿಗೆ ಬಂದಿತ್ತು. ಮಾರನೇ ದಿನದಿಂದ ಆಫೀಸಿಗೆ ಹೊರಡುವಾಗ ಗ್ಯಾಸ್ ಸ್ಟವ್‌ನ ನಾಬ್‌ಗಳನ್ನೆಲ್ಲ ಕಿತ್ತು ಬಚ್ಚಿಡತೊಡಗಿದೆ, ಸಂಜೆ ಬಂದು ಹಾಕುತ್ತಿದ್ದೆ. ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಒಲೆ ಮೇಲೆ ಆಗಷ್ಟೇ ಮಾಡಿದ ಕಾಫಿ ಇಲ್ಲದಿದ್ದರೆ ತಲೆನೋವು ಅನ್ನುತ್ತಿದ್ದವರು ಬೆಳಗಿನದನ್ನೇ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಕುಡಿದರು.

ಪಕ್ಕದ ಟೆಂಟಿನ ಗೆಳತಿ ತನ್ನ ಕಾರಿನಿಂದ ಸೂಟ್‌ಕೇಸಿನಂಥ ಒಂದು ಹಸಿರು ಸ್ಟವ್ ತಂದಳು. ಡೆಟ್ರಾಯಿಟ್ ಕಡೆ ಯಾರೋ ಅಜ್ಜ ಮನೆಯ ಹಳೇ ಸಾಮಾನು ಮಾರುತ್ತಿದ್ದ ಗರಾಜ್ ಸೇಲ್‌ನಲ್ಲಿ ಸಿಕ್ಕಿದ್ದಂತೆ, ನಮ್ಮಿಬ್ಬರಿಗಿಂತ ವಯಸ್ಸಾದದ್ದು. ಎಷ್ಟು ಗಟ್ಟಿ ಅಂತೀರಿ! ಎತ್ತಿದರೆ ತೋಳು ಜಗ್ಗುತ್ತೆ. ಮುಚ್ಚಳ ತೆರೆದರೆ ಅದೇ ಗಾಳಿಗೆ ಮರೆ. ನಾಬ್ ಲೋಹದ್ದು, ಮಕ್ಕಳು ಜೋತುಬಿದ್ದರೂ ಕಿತ್ತು ಬರಲ್ಲ. ಆದರೆ ಅದು ಪಂಪ್ ಸ್ಟವ್, ಎಷ್ಟು ಪಂಪ್ ಮಾಡಿದರೂ ಇಂಧನದ ಟ್ಯಾಂಕಿಗೆ ಗಾಳಿಯೇ ಹಿಡಿಯಲಿಲ್ಲ.

"ಹಳೇ ಡಬ್ಬ, ಬಿಡಿ," ಅಂದರು ನಮ್ಮವರು.

"ಡಬ್ಬ ಅಂತೆ ಡಬ್ಬ!" ಅತ್ತೆ ಎದ್ದೇ ಬಿಟ್ಟರು. "ಒಳಗಿನ ತೊಗಲು ಒಣಗಿದೆ ಕಣೋ, ಅಷ್ಟೇ. ಕೊಬ್ಬರಿ ಎಣ್ಣೆ ತಾರೇ."

ತಲೆಗೆ ಹಚ್ಚುವ ಎಣ್ಣೆ ಬಾಟಲಿ ತಂದೆ. ನಲವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಚಳಿಗೆ ಎಣ್ಣೆ ಕಲ್ಲಾಗಿತ್ತು. ಅತ್ತೆ ಅದನ್ನು ಶಾಲಿನೊಳಗೆ ಕಂಕುಳಲ್ಲಿ ಇಟ್ಟುಕೊಂಡು ಕೂತರು, ಜ್ವರ ನೋಡುವವರ ಹಾಗೆ. ಕರಗಿದ ಮೇಲೆ ಪಂಪ್ ಬಿಚ್ಚಿಸಿ, ತುದಿಯಲ್ಲಿದ್ದ ತೊಗಲಿನ ಬಿಲ್ಲೆಗೆ ಎರಡು ಹನಿ ಬಿಟ್ಟು ಬೆರಳಲ್ಲಿ ತಿಕ್ಕಿದರು. ಮದುವೆಯಾಗಿ ಬಂದಾಗಿನಿಂದ ಇಪ್ಪತ್ತು ವರ್ಷ ಪಂಪ್ ಸ್ಟವ್ ಮೇಲೇ ಅಡುಗೆ ಮಾಡಿದ್ದರಂತೆ. ನನಗೆ ಅದೂ ಗೊತ್ತಿರಲಿಲ್ಲ.

ಪಂಪ್ ಮಾಡಿ ಕಡ್ಡಿ ಗೀರಿದರು. ಭಗ್ಗನೆ ಹಳದಿ ಉರಿ ಎದ್ದಿತು, ನಾನು ಹಿಂದಕ್ಕೆ ಹಾರಿದೆ, ಅವರು ಮಾತ್ರ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಬುರ್ರ್ ಅಂತ ನೀಲಿ ಉರಿ ನಿಂತಿತು. "ದೂರ ನಿಂತ್ಕೊಳ್ರೋ ಎಲ್ಲರೂ" ಅಂತ ಗದರಿಸುತ್ತಾ ಕ್ಯಾಂಪಿಗೆ ಬಂದಿದ್ದ ಹನ್ನೊಂದು ಜನಕ್ಕೂ ಫಿಲ್ಟರ್ ಕಾಫಿ ಮಾಡಿಕೊಟ್ಟರು. ಅಂಥ ಕಾಫಿ ನಾನು ಅಮೆರಿಕದಲ್ಲಿ ಕುಡಿದೇ ಇಲ್ಲ, ಆಣೆ. ಕೊನೆಗೆ ಸ್ಟವ್ ಆರಿಸಿದರು. ನಾಲ್ಕು ಹೆಜ್ಜೆ ಹೋಗಿ ವಾಪಸ್ ಬಂದು ನಾಬ್ ಮುಟ್ಟಿ ನೋಡಿದರು. ಮತ್ತೊಮ್ಮೆ ಬಂದು ನೋಡಿದರು. ನನಗೆ ನಾಚಿಕೆಯಾಯಿತು.

ಸೋಮವಾರ ಬೆಳಿಗ್ಗೆ ಮನೆಯಲ್ಲಿ ಆಫೀಸಿಗೆ ಹೊರಟಾಗ ಅಭ್ಯಾಸಬಲಕ್ಕೆ ಕೈ ನಾಬ್ ಕಡೆ ಹೋಯಿತು. ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡೆ.

"ಅತ್ತೆ, ಇವತ್ತಿಂದ ಈ ನಾಬ್‌ಗಳು ಇಲ್ಲೇ ಇರುತ್ತವೆ," ಅಂದೆ.

ಅವರು ಬೀನ್ಸ್ ಹೆಚ್ಚುತ್ತಿದ್ದರು, ತಲೆ ಎತ್ತಲಿಲ್ಲ. "ಮೂರನೇ ಡ್ರಾಯರ್‌ನಲ್ಲಿ ಟವೆಲ್ ಕೆಳಗೆ ನೀನು ಇಡ್ತಿದ್ದೆ, ಮೊದಲನೇ ದಿನವೇ ನಾನು ನೋಡಿದ್ದೆ ಕಣಮ್ಮ," ಅಂದರು. "ನೀನೇ ಒಂದಿನ ಇಲ್ಲೇ ಬಿಟ್ಟು ಹೋಗ್ತೀಯ ಅಂತ ಸುಮ್ಮನಿದ್ದೆ."