ನನ್ನ ಕಿವಿಯ ಹಿಂದೆ ನಡೆದ ಫುಟ್‌ಬಾಲು

ನೀವು ನಂಬುವುದಿಲ್ಲ. ನಂಬುವುದಿಲ್ಲ ಅಂತ ಈಗಲೇ ಹೇಳಿಬಿಡಿ, ನನಗೇನೂ ಬೇಸರವಿಲ್ಲ. ಎಪ್ಪತ್ತು ದಾಟಿದ, ಧಾರವಾಡದ ಈ ಮುದುಕ ಬಾಯಿ ತುಂಬ ಗಿರಮಿಟ್ಟು ತುಂಬಿಕೊಂಡು ಟೊರಾಂಟೋದ ಟಿವಿಯಲ್ಲಿ ಬಂದಿದ್ದಾನೆ. ಅದೂ ಸ್ಪೋರ್ಟ್ಸ್ ನ್ಯೂಸಿನಲ್ಲಿ. ಜೀವಮಾನದಲ್ಲಿ ನಾನು ಓಡಿದ್ದು ಸಿಟಿ ಬಸ್ಸಿನ ಹಿಂದೆ ಮಾತ್ರ, ಅದೂ ಸಿಕ್ಕಿದ್ದು ಕಡಿಮೆ. ಸಂಶಯವಿದ್ದರೆ ನನ್ನ ಹೆಂಡತಿಯನ್ನು ಕೇಳಿ. ಪಕ್ಕದಲ್ಲೇ ಕೂತು ನೋಡಿದಳು, ಆದರೂ ಅವಳೂ ನಂಬಲಿಲ್ಲ.

ಇದೆಲ್ಲ ನೆನಪಾದದ್ದು ಮೊನ್ನೆ ಶನಿವಾರ. ಟೊರಾಂಟೋ ಪಕ್ಕದ ಥಾರ್ನ್‌ಹಿಲ್‌ನ ನಮ್ಮ ಕಾಫಿ ಅಂಗಡಿಯಲ್ಲಿ ಗೋಡೆಗೊಂದು ಟಿವಿ ನೇತುಹಾಕಿದ್ದಾರೆ, ಧ್ವನಿ ಯಾವಾಗಲೂ ಬಂದ್. ತೆರೆಯ ತುಂಬ ಅಮೆರಿಕಾದ ಯಾವುದೋ ಕಾಲೇಜಿನ ಫುಟ್‌ಬಾಲ್ ಆಟ, ನಮ್ಮ ಇಡೀ ಹುಬ್ಬಳ್ಳಿ ಹಿಡಿಸುವಷ್ಟು ದೊಡ್ಡ ಸ್ಟೇಡಿಯಮ್ಮು. ಕೆಳಗೆ ಕೆಂಪು ಪಟ್ಟಿಯಲ್ಲಿ ಬ್ರೇಕಿಂಗ್ ನ್ಯೂಸ್ ಓಡುತ್ತಿತ್ತು. ಯಾರಾದರೂ ತೀರಿಕೊಂಡರೋ ಅಂತ ಕನ್ನಡಕ ಏರಿಸಿ ಓದಿದೆ. ಗೋಲು ಕಾಯುವ ಒಬ್ಬ ಐಸ್ ಹಾಕಿ ಗೋಲಿ ಗಡ್ಡ ಬೋಳಿಸಿಕೊಂಡಿದ್ದನಂತೆ. ಅದಕ್ಕೆ ಇಬ್ಬರು ತಜ್ಞರು ಕೂತು ಚರ್ಚೆ ಬೇರೆ ಮಾಡುವವರಿದ್ದರು. ಬಿಸಿ ಕಾಫಿ ನನ್ನ ಮೂಗಿಗೇರಿತು. ಗೌಡರು ಇದ್ದಿದ್ದರೆ ಏನನ್ನುತ್ತಿದ್ದರು ಅಂತ ಯೋಚಿಸಿ ಒಬ್ಬನೇ ನಕ್ಕೆ.

ಶಿವನಗೌಡರು ನನ್ನ ಗೆಳೆಯರು. ಊರು ಧಾರವಾಡದ ಪಕ್ಕದ್ದೇ. ಇಲ್ಲಿಗೆ ಬಂದು ಎತ್ತರದ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುತ್ತ ತಲೆಗೂದಲು ಬಿಳಿ ಮಾಡಿಕೊಂಡರು. ಸಿಟ್ಟು ಬಂದರೆ ಮಾತು ಕಡಿಮೆಯಾಗುವ ಮನುಷ್ಯ. ನನಗೆ ತದ್ವಿರುದ್ಧ. ನಾನು ಊರಲ್ಲಿ ಸ್ವಲ್ಪ ದಿನ ಸಾಲಿ ಮಾಸ್ತರಿಕೆ ಮಾಡಿದವನಾದ್ದರಿಂದ ಅವರಿಗೆ ನಾನು ಇವತ್ತಿಗೂ 'ಮಾಸ್ತರ'. ನಾನು ಕಲಿತ ಕಾಲಕ್ಕೆ ಹೆಡ್ಮಾಸ್ತರರ ಸೈಕಲ್ಲನ್ನು ಬೇವಿನ ಮರಕ್ಕೆ ಏರಿಸಿದ್ದೆ, ಕಲಿಸುವ ಕಾಲಕ್ಕೆ ಇನ್ನೊಬ್ಬ ಹೆಡ್ಮಾಸ್ತರರ ಕುರ್ಚಿಯನ್ನು. ಅದು ಬೇರೆ ಕತೆ. ಹೇಳುತ್ತ ಹೋದರೆ ಹೆಮ್ಮೆಯಿಂದ ದಾರಿ ತಪ್ಪುತ್ತೇನೆ.

ಗೌಡರ ಒಬ್ಬನೇ ಮಗ ಮಂಜು ಇಲ್ಲಿಯ ಒಂದು ಯೂನಿವರ್ಸಿಟಿ ಟೀಮಿಗೆ ಫುಟ್‌ಬಾಲ್ ಆಡುತ್ತಿದ್ದ. ಇಲ್ಲಿ ಫುಟ್‌ಬಾಲ್ ಅಂದರೆ ಕಾಲಿನ ಆಟವಲ್ಲ. ಎಳನೀರಿನ ಆಕಾರದ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಓಡುವುದು, ಓಡುವವನನ್ನು ಉಳಿದವರು ಕೆಡವುವುದು. ಮಂಜು ಓಡುವವನೂ ಅಲ್ಲ, ಎಸೆಯುವವನೂ ಅಲ್ಲ. ಎಸೆಯುವವನ ಮುಂದೆ ಸಾಲಾಗಿ ಬಾಗಿ ನಿಂತು, ಮೈಮೇಲೆ ಬರುವ ಗೂಳಿಗಳನ್ನು ತಡೆಯುವವರಲ್ಲಿ ಒಬ್ಬ. ಲೈನ್‌ಮನ್ ಅನ್ನುತ್ತಾರೆ. ಅವನಿಗೆ ಆಟದಲ್ಲಿ ಚೆಂಡೇ ಸಿಗುವುದಿಲ್ಲ. ತಡೆದರೆ ಯಾರೂ ಹೆಸರು ಹೇಳುವುದಿಲ್ಲ. ತಪ್ಪು ಮಾಡಿ ಎದುರಿನವನ ಅಂಗಿ ಹಿಡಿದು ಎಳೆದರೆ ಮಾತ್ರ ಮೈಕಿನಲ್ಲಿ ಕೂಗುತ್ತಾರೆ.

ಇದು ಗೊತ್ತಿಲ್ಲದ ಕಾಲದಲ್ಲಿ, ಮೊದಲ ವರ್ಷ, ಒಮ್ಮೆ ಮೈಕಿನಲ್ಲಿ ಮಗನ ಹೆಸರು ಕೇಳಿ ಗೌಡರು ದಿಗ್ಗನೆದ್ದು ನಿಂತು ಚಪ್ಪಾಳೆ ಹೊಡೆದರು. ಅವರ ಹೆಂಡತಿ ಶಾಂತಕ್ಕ ಸುತ್ತಮುತ್ತಲಿನವರಿಗೆಲ್ಲ ಶೇಂಗಾ ಉಂಡಿ ಹಂಚಿದರು. ಮುಂದಿನ ಸಾಲಿನ ಬಿಳಿಯನೊಬ್ಬ ಉಂಡಿ ತಿನ್ನುತ್ತಲೇ ತಿರುಗಿ, "ಸರ್, ಅದು ಪೆನಾಲ್ಟಿ," ಅಂದ. ಗೌಡರು ಕೂತರು. ಆದರೆ ಉಂಡಿ ವಾಪಸ್ ಕೇಳಲಿಲ್ಲ.

ಆಮೇಲೆ ಅವರು ಆಟ ಕಲಿತರು. ಲಿಫ್ಟಿನ ಯಂತ್ರ ಬಿಚ್ಚಿ ಕಲಿತ ಹಾಗೆ ಒಂದೊಂದೇ ಭಾಗ ಬಿಚ್ಚಿ ಕಲಿತರು. ಕಲಿತ ಮೇಲೆ ಶುರುವಾಯಿತು ಸಿಟ್ಟು. ಶನಿವಾರ ಆಟ ಮುಗಿದರೆ ಭಾನುವಾರ ಬೆಳಿಗ್ಗೆ ಪೇಪರಿನ ಆಟದ ಪುಟಗಳನ್ನು ಮೇಜಿನ ಮೇಲೆ ಹರವಿ ಹುಡುಕುವುದು. ಹಾಕಿ ಇತ್ತು. ಹಾಕಿ ಆಟಗಾರನ ನಾಯಿ ಇತ್ತು. ಗಾಳ ಹಾಕಿ ದೊಡ್ಡ ಮೀನು ಹಿಡಿದವನ ಫೋಟೋ ಇತ್ತು, ಮೀನಿನದೂ ಇತ್ತು.

"ನೋಡ್ರಿ ಮಾಸ್ತರ," ಅಂದರು ಒಮ್ಮೆ, ಪೇಪರ್ ನನ್ನ ಕಡೆ ತಿರುಗಿಸಿ. "ಅಮೆರಿಕಾದ ಕಾಲೇಜ್ ಆಟ ಅರ್ಧ ಪುಟ ಹಾಕ್ಯಾರ. ನಮ್ಮ ಮನೀ ಹತ್ರದಾಗಿನ ಆಟ ಇವ್ರ ಕಣ್ಣಿಗೆ ಬೀಳಂಗಿಲ್ಲ. ಏನಾಗ್ಯದ ಇವ್ರಿಗೆ?"

"ನಿಮ್ಮ ಮಂಜೂಗ ಒಂದು ಮೀನ ಹಿಡಿಲಿಕ್ಕೆ ಹೇಳ್ರಿ," ಅಂದೆ.

ಅವರು ನಗಲಿಲ್ಲ. ಅಷ್ಟರ ಮೇಲೆ ನಾನು ಸುಮ್ಮನಿರುವುದು ಹೇಗೆ? ಕಾರ್ಯಕ್ಕಿಳಿದೆ. ಇಲ್ಲಿ ರೇಡಿಯೋದಲ್ಲಿ ದಿನವಿಡೀ ಆಟದ ಹರಟೆ. ಯಾರು ಬೇಕಾದರೂ ಫೋನ್ ಮಾಡಬಹುದು, ಆದರೆ ಮೊದಲು ಒಬ್ಬಳು ಹುಡುಗಿ ಎತ್ತಿಕೊಂಡು ಏನು ವಿಷಯ ಅಂತ ವಿಚಾರಿಸುತ್ತಾಳೆ. ಯೂನಿವರ್ಸಿಟಿ ಫುಟ್‌ಬಾಲ್ ಅಂದಿರೋ, ನಿಮ್ಮನ್ನು ಸಂಗೀತ ಕೇಳಲು ಬಿಟ್ಟು ಮರೆತುಬಿಡುತ್ತಾರೆ. ಹಾಗಾಗಿ ನಾನು ಹಾಕಿ ಗೋಲಿಯ ಮೊಣಕಾಲಿನ ಬಗ್ಗೆ ಮಾತಾಡಬೇಕು ಅನ್ನುತ್ತಿದ್ದೆ. ತಕ್ಷಣ ಲೈನು ಸಿಗುತ್ತಿತ್ತು. "ಆ ಮೊಣಕಾಲು ನೋಡಿದರೆ ನನಗೆ ನಮ್ಮ ಯೂನಿವರ್ಸಿಟಿ ಲೈನ್‌ಮನ್‌ಗಳ ಮೊಣಕಾಲು ನೆನಪಾಗುತ್ತದೆ. ಮೊನ್ನೆಯ ಆಟದಲ್ಲಿ..." ಅನ್ನುವಷ್ಟರಲ್ಲಿ ಕಟ್. ಥಾರ್ನ್‌ಹಿಲ್‌ನ ಟೋನಿ, ಪೋರ್ಟ್ ಕ್ರೆಡಿಟ್‌ನ ಪೀಟರ್, ಕ್ಲೈನ್‌ಬರ್ಗ್‌ನ ಜಾರ್ಜ್, ಎಲ್ಲ ನಾನೇ. ಎಲ್ಲರದೂ ಧಾರವಾಡದ ಇಂಗ್ಲಿಷು. ಕೊನೆಗೆ ಆ ನಿರೂಪಕ, "ಹಲೋ ಜಾರ್ಜ್, ಪೀಟರ್ ಹೇಗಿದ್ದಾನೆ?" ಅಂತ ಕೇಳಿದ. ಆರಾಮಿದ್ದಾನೆ ಅಂತ ಹೇಳಿ ಫೋನಿಟ್ಟೆ. ನನ್ನ ಹೆಂಡತಿ ಅಡಿಗೆಮನೆಯಿಂದಲೇ, "ಟೋನಿಯವರ, ಕಸದ ಡಬ್ಬಿ ಹೊರಗ ಇಡ್ರಿ," ಅಂದಳು.

ಮಂಜುವಿನ ಕೊನೆಯ ವರ್ಷ ಬಂತು. ಓದು ಮುಗಿದರೆ ಆಟವೂ ಮುಗಿಯಿತು. ಆಮೇಲೆ ಅವನೂ ಎಲ್ಲರ ಹಾಗೆ ಆಫೀಸಿನ ಕುರ್ಚಿಯಲ್ಲಿ ಕೂರುವವನೇ. ತಮ್ಮ ಮೈದಾನದಲ್ಲಿ ಆಡುವ ಕೊನೆಯ ಪಂದ್ಯದ ಹಿಂದಿನ ವಾರ ಗೌಡರು ಕಾಫಿ ಕಪ್ಪನ್ನು ಸುಮ್ಮನೆ ತಿರುಗಿಸುತ್ತ ಕೂತಿದ್ದರು.

"ಹುಬ್ಬಳ್ಳ್ಯಾಗ ನಮ್ಮಕ್ಕ ಏನಂತಾಳ ಗೊತ್ತೇನ್ರೀ? 'ಟಿವ್ಯಾಗ ಬರಂಗಿಲ್ಲ, ಪೇಪರಿನ್ಯಾಗ ಬರಂಗಿಲ್ಲ, ಅದೆಂಥಾ ಆಟೋ ತಮ್ಮಾ? ಹುಡುಗ ಖರೇನ ಆಡ್ತಾನೋ, ಎಲ್ಲೆರ ತಿರಗ್ತಾನೋ?' ಅಂತ. ಒಮ್ಮೆ... ಒಂದಽ ಸಲ ಆಟ ತೋರಿಸ್ಲಿ ಮಾಸ್ತರ. ಹೆಸರು ಹೇಳೂದು ಬ್ಯಾಡ. ಸಾಲಿನ್ಯಾಗ ನಿಂತದ್ದು ಕಂಡ್ರ ಸಾಕು."

ಆ ಸಂಜೆ ನಾನು ಒಂದು ಟಿವಿ ಚಾನೆಲ್ಲಿಗೆ ಫೋನ್ ಮಾಡಿದೆ. ಯಾವ ಚಾನೆಲ್ಲು ಅಂತ ಹೇಳುವುದಿಲ್ಲ, ಅವರ ಮಾನ ಕಾಪಾಡುವಷ್ಟು ದೊಡ್ಡಸ್ತಿಕೆ ನನಗಿದೆ. ಯೂನಿವರ್ಸಿಟಿ ಆಟ ಅಂದ ಕೂಡಲೇ ಆ ಕಡೆಯ ಹುಡುಗಿ, ಅವತ್ತು ಕ್ಯಾಮೆರಾ ಎಲ್ಲ ಬಿಜಿ, ಸಾರಿ, ಅಂದಳು. ನಾನು ಒಂದು ನಿಟ್ಟುಸಿರು ಬಿಟ್ಟು, ನಮ್ಮ ಪದ್ಧತಿ ನಿಮಗೆ ಗೊತ್ತಿಲ್ಲ ಅನ್ನಿಸುತ್ತದೆ ಅಂದೆ. ಯಾವ ಪದ್ಧತಿ ಅಂದಳು. ನಾನು ಶುರುಹಚ್ಚಿಕೊಂಡೆ. ನಾವು ಕರ್ನಾಟಕದ ಅಜ್ಜಂದಿರು ಪ್ರತಿ ಪಂದ್ಯಕ್ಕೂ ತಲೆಗೆ ಪಟಕಾ ಸುತ್ತಿಕೊಂಡು ಹೋಗುತ್ತೇವೆ, ಹಲಗಿ ಬಾರಿಸುತ್ತೇವೆ, ಮೊದಲ ಮುಷ್ಟಿ ಗಿರಮಿಟ್ಟನ್ನು ಟೀಮಿನ ಹೆಸರಲ್ಲಿ ಗಾಳಿಗೆ ತೂರುತ್ತೇವೆ, ಹಾಗೆ ಮಾಡಿದ ದಿನ ನಮ್ಮವರನ್ನು ಯಾರೂ ಸೋಲಿಸಿಲ್ಲ. ಇದರಲ್ಲಿ ಒಂದಕ್ಷರವೂ ನಿಜವಿರಲಿಲ್ಲ. ಪಂದ್ಯಕ್ಕೆ ಹೋಗುತ್ತಿದ್ದದ್ದು ಗೌಡ ದಂಪತಿ ಮಾತ್ರ, ಉಣ್ಣೆ ಟೋಪಿ ಹಾಕಿಕೊಂಡು. ಹುಡುಗಿ, "ಓ ಮೈ ಗಾಡ್, ಐ ಲವ್ ದಿಸ್!" ಅಂತ ಚೀರಿದಳು. ಬಿಜಿಯಾಗಿದ್ದ ಕ್ಯಾಮೆರಾ ಒಂದು ಕ್ಷಣದಲ್ಲಿ ಖಾಲಿಯಾಯಿತು.

ಹೀಗಾಗಿ ಪದ್ಧತಿಯನ್ನು ತುರ್ತಾಗಿ ಹುಟ್ಟಿಸಬೇಕಾಯಿತು. ಹಲಗಿ ಸಿಗಲಿಲ್ಲ, ಬಣ್ಣದ ಖಾಲಿ ಬಕೆಟ್ಟು ಬೋರಲು ಹಾಕಿಕೊಂಡೆ. ನನ್ನ ಹೆಂಡತಿಯ ಹಳೆಯ ಕೆಂಪು ಸೀರೆ ಪಟಕಾ ಆಯಿತು. ಮಂಡಕ್ಕಿ ಗಿರಮಿಟ್ಟು ಶಾಂತಕ್ಕ ಮಾಡಿದರು, ಉಳ್ಳಾಗಡ್ಡಿ ಜಾಸ್ತಿ. ಗೌಡರು ಮಾತ್ರ ಪಟಕಾ ಬೇಡವೆಂದರು.

"ಅವ್ರು ಆಟ ತಗೀಲಿಕ್ಕೆ ಬರ್ತಾರಲ್ರೀ?" ಅಂತ ಎರಡೆರಡು ಸಲ ಕೇಳಿದರು.

"ಆಟಕ್ಕಽ ಬರ್ತಾರ ಗೌಡ್ರ. ಇದು ಬರೇ ಒಗ್ಗರಣಿ," ಅಂದೆ.

ಶನಿವಾರ ಮಧ್ಯಾಹ್ನ ಚಳಿ ಕಿವಿ ಕಚ್ಚುತ್ತಿತ್ತು. ಆಟ ಸಮಬಲದಲ್ಲಿ ಸಾಗಿ ಕೊನೆಯ ಗಳಿಗೆಗೆ ಬಂದಾಗ ಆ ಚಾನೆಲ್ಲಿನ ವರದಿಗಾರ್ತಿ ಕ್ಯಾಮೆರಾದವನೊಂದಿಗೆ ಓಡಿಬಂದಳು. ನನ್ನನ್ನು ನಿಲ್ಲಿಸಿ, ಮೈದಾನ ಹಿಂದೆ ಬರಲಿ ಅಂತ ಭುಜ ಹಿಡಿದು ತಿರುಗಿಸಿದಳು. ನಾನು ಆಟಕ್ಕೆ ಬೆನ್ನು ಹಾಕಿ ನಿಂತು ಬಕೆಟ್ ಬಾರಿಸಿದೆ, ಗಿರಮಿಟ್ಟು ತೂರಿದೆ, ಗಾಳಿ ಅದನ್ನು ವಾಪಸ್ ನನ್ನ ಮೀಸೆಗೇ ತಂದಿತು. ಅವಳಿಗೆ ಬಹಳ ಸಂತೋಷವಾಯಿತು. ಇದರಲ್ಲಿ ಗ್ಲೂಟನ್ ಇದೆಯೇ ಅಂತ ಕೇಳಿದಳು.

ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ ಕೊನೆಯ ಒದೆತ. ಈ ದೇಶದ ಆಟದಲ್ಲಿ ಒಂದು ಮಜಾ ನಿಯಮವಿದೆ. ಎರಡು ಕಂಬಗಳ ನಡುವೆ ಚೆಂಡು ಒದೆಯಬೇಕು. ಗುರಿ ತಪ್ಪಿದರೂ, ಚೆಂಡು ಹಿಂದಿನ ಗೆರೆ ದಾಟಿ ಆಚೆ ಬಿದ್ದರೆ ಒಂದು ಪಾಯಿಂಟು ಕೊಡುತ್ತಾರೆ. ತಪ್ಪು ಉತ್ತರಕ್ಕೂ ಅಂಕ ಕೊಡುವ ಇಂಥ ದೇಶದಲ್ಲಿ ನಾನು ಪರೀಕ್ಷೆಗೆ ಕೂರಬೇಕಿತ್ತು. ನಮ್ಮ ಹುಡುಗ ಒದ್ದ. ಸಾಲು ಅಲುಗಲಿಲ್ಲ. ಚೆಂಡು ಕಂಬದ ಎಡಕ್ಕೆ ಹೋಗಿ ಗೆರೆಯಾಚೆ ಬಿತ್ತು. ಒಂದು ಪಾಯಿಂಟು. ಗೆದ್ದೆವು.

ಗೌಡರು ಕಬ್ಬಿಣದ ಕಂಬಿ ಹಿಡಿದು ಕ್ಯಾಮೆರಾದವನಿಗೆ ಕೂಗುತ್ತಿದ್ದರು: "ಏ, ಅಲ್ಲಿ ನೋಡಪಾ! ಆಟ ಅಲ್ಲಿ ಅದ! ಗೇಮ್! ಗೇಮ್!" ವರದಿಗಾರ್ತಿ, "ಸೋ ಮಚ್ ಎನರ್ಜಿ!" ಅಂದಳು. ನಾನು ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೌಡರು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದರು.

ಸಂಜೆ ಅವರ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಸೇರಿದೆವು. ಹುಬ್ಬಳ್ಳಿಯಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ, ಅಕ್ಕ ಎದ್ದು ವಿಡಿಯೋ ಕಾಲಿನಲ್ಲಿ ಕೂತಿದ್ದರು. ಮಂಜು ಮೊಣಕಾಲಿಗೆ ಐಸ್ ಒತ್ತಿಕೊಂಡು ಸೋಫಾದ ತುದಿಯಲ್ಲಿದ್ದ. ಶಾಂತಕ್ಕ ಫೋನನ್ನು ಟಿವಿಯ ಕಡೆ ತಿರುಗಿಸಿ ಹಿಡಿದರು. ಹಾಕಿ ಮುಗಿಯಿತು. ಇನ್ನಷ್ಟು ಹಾಕಿ ಮುಗಿಯಿತು. ಆಮೇಲೆ ನಾನು ಬಂದೆ.

ಚಂದ ಕಾಣುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಪಟಕಾ ಒಪ್ಪುತ್ತಿತ್ತು. ನಾನು ಬಾರಿಸಿದೆ, ನಾನು ತೂರಿದೆ, ನಾನು ತಿಂದೆ. ತೆರೆಯ ತುಂಬ ನಾನೇ.

"ಇಂವ ಯಾರೋ ಮುದುಕಾ?" ಅಂದರು ಅಕ್ಕ. "ಮಂಜು ಎಲ್ಲಿ?"

ಗೌಡರು ಎದ್ದು ಟಿವಿಯ ಹತ್ತಿರ ಹೋಗಿ, ನನ್ನ ಎಡಗಿವಿಯ ಹಿಂದೆ ಅಲುಗಾಡುತ್ತಿದ್ದ ಒಂದು ಮಸುಕು ಬಣ್ಣಕ್ಕೆ ಬೆರಳಿಟ್ಟರು. "ಇಲ್ಲಿ ನೋಡಕ್ಕಾ. ಇದಽ ಆಟ. ಇದರಾಗ ಅದಾನ."

"ಯಾವುದೋ? ನನಗ ಬರೇ ಕಿವಿ ಕಾಣ್ತದ."

ಅಷ್ಟರಲ್ಲಿ ಸ್ಟುಡಿಯೋದವರು ನಕ್ಕು, ರುಚಿಯಾಗಿ ಕಾಣುತ್ತದೆ ಅಂತ ಹೇಳಿ, ಮತ್ತೆ ಹಾಕಿಗೆ ಹೋದರು. ಯಾರು ಯಾರ ಮೇಲೆ ಆಡಿದರು ಅಂತ ಹೇಳಲಿಲ್ಲ. ಸ್ಕೋರು ಹೇಳಲಿಲ್ಲ.

"ಗೆದ್ರೋ, ಸೋತ್ರೋ?" ಅಕ್ಕ ಕೇಳಿದರು.

"ಅದನ್ನ ಅವ್ರು ಹೇಳ್ಬೇಕಿತ್ತಕ್ಕಾ," ಅಂತ ಗೌಡರು ಟಿವಿ ಆರಿಸಿದರು.

"ಅಪ್ಪಾ, ಇಟ್ಸ್ ಓಕೆ. ಇಟ್ಸ್ ಕೈಂಡ್ ಆಫ್ ಫನ್ನಿ," ಅಂದ ಮಂಜು.

ಗೌಡರು ನನ್ನ ಕಡೆ ತಿರುಗಿದರು. "ಕೊನೀ ಒದಿ ಹ್ಯಾಂಗ ಬಿತ್ತು, ನೋಡಿದ್ರೇನು ಮಾಸ್ತರ?"

ಇನ್ನೂ ಗಿರಮಿಟ್ಟು ಅಂಟಿದೆಯೇನೋ ಅನ್ನುವಂತೆ ನಾನು ಮೀಸೆ ಒರೆಸಿಕೊಂಡೆ.

"ಅವ್ರು ಬೆನ್ನು ಮಾಡಿದ್ರು, ಸರಿ. ಅವ್ರು ಹೊರಗಿನವ್ರು. ನೀವೂ ಬೆನ್ನು ಮಾಡಿ ನಿಂತ್ರಿ," ಅಂದರು.

ಆ ಚಳಿಗಾಲ, ಮರುವರ್ಷದ ಬೇಸಿಗೆ ಪೂರ್ತಿ ಅವರು ಕಾಫಿಗೆ ಬರಲಿಲ್ಲ. ನಾನು ಥಾರ್ನ್‌ಹಿಲ್‌ನ ಬೀದಿಗಳಲ್ಲಿ ಪ್ರಸಿದ್ಧನಾಗಿದ್ದೆ. ಔಷಧಿ ಅಂಗಡಿಯ ಪಂಜಾಬಿ ಹುಡುಗ, "ಅಂಕಲ್ ಜೀ, ಟಿವಿ ವಾಲೇ!" ಅಂತ ಸಲಾಮು ಹೊಡೆಯುತ್ತಿದ್ದ. ಯಾವ ಆಟ ಅಂತ ಅವನೂ ಕೇಳಲಿಲ್ಲ. ಮೊದಮೊದಲು ಖುಷಿಯಾಯಿತು. ಆಮೇಲೆ ಔಷಧಿ ತರಲು ಬೇರೆ ಅಂಗಡಿಗೆ ಹೋಗತೊಡಗಿದೆ.

ಇದನ್ನೆಲ್ಲ ನೆನೆಯುತ್ತ ಮೊನ್ನೆ ಆ ಗಡ್ಡದ ಸುದ್ದಿ ನೋಡಿ ನಗುತ್ತಿದ್ದೆನಲ್ಲ, ಎದುರಿನ ಕುರ್ಚಿ ಸರಿದ ಸಪ್ಪಳವಾಯಿತು. ಗೌಡರು. ಕೆಂಪು ಪಟ್ಟಿ ಓದಿ, "ಗಡ್ಡ ಹೋತಂತ," ಅಂದರು, ಮೊನ್ನೆ ಮೊನ್ನೆ ಕೂಡಿ ಕಾಫಿ ಕುಡಿದವರ ಹಾಗೆ. ನಾನು ಕುರ್ಚಿಯನ್ನು ಟಿವಿಗೆ ಬೆನ್ನಾಗಿ ತಿರುಗಿಸಿಕೊಂಡು, "ಅವತ್ತಿನ ಆಟ ಹೇಳ್ರಿ ಗೌಡ್ರ. ಮೊದಲಿಂದ," ಅಂದೆ. ಅವರು ಸಕ್ಕರೆ ಪೊಟ್ಟಣಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಒಂದರ ಮೇಲೆ ಬೆರಳಿಟ್ಟು, "ಇಂವ ಮಂಜು," ಅಂದರು. ಕಾಫಿ ಆರಿ ತಣ್ಣಗಾಗುವವರೆಗೂ ಆಡಿಸಿದರು. ಇಡೀ ಆಟದಲ್ಲಿ ಆ ಪೊಟ್ಟಣದ ಕಡೆಯಿಂದ ಒಬ್ಬನೂ ಒಳಗೆ ನುಗ್ಗಲಿಲ್ಲ. ಏಳುವಾಗ, "ಇಂಗ್ಲಿಷಿನವ್ರು ಬರೀಲಿಲ್ಲ. ನೀವು ಕನ್ನಡದಾಗರ ಬರೀರಿ," ಅಂದರು.

ಬರೆದೆ. ನಿನ್ನೆ ಅವರಿಗೆ ಓದಲು ಕೊಟ್ಟೆ. ಟೋನಿ, ಪೀಟರ್, ಬಕೆಟ್ಟು, ಸೀರೆ ಎಲ್ಲ ನಿಜ, ತಕರಾರಿಲ್ಲ ಅಂದರು. ಒಂದು ಕಡೆ ಮಾತ್ರ ಬೆರಳು ನಿಂತಿತು. ಹೌದು, ಅದೊಂದನ್ನು ನಾನು ಕಟ್ಟಿದ್ದೆ. ಗುರಿ ತಪ್ಪಿ ಒದ್ದವನು ನಮ್ಮ ಹುಡುಗನಲ್ಲ, ಎದುರಿನವರ ಹುಡುಗ. ಆ ಒಂದು ಪಾಯಿಂಟು ಅವರದು, ಗೆಲುವೂ ಅವರದೇ. ಮಂಜು ಆಗ ಮೈದಾನದ ಒಳಗೇ ಇರಲಿಲ್ಲ, ಅಂಚಿನ ಬೆಂಚಿನಲ್ಲಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಚೆಂಡು ಗೆರೆ ದಾಟುವುದನ್ನು ನೋಡುತ್ತಿದ್ದ.

"ಇದನ್ನ ತಿದ್ರಿ," ಅಂದರು ಗೌಡರು.

"ಯಾರಿಗೆ ಗೊತ್ತಾಗ್ತದ ಗೌಡ್ರ? ಯಾವ ಪೇಪರಿನ್ಯಾಗೂ ಬಂದಿಲ್ಲ."

"ಅದಕ್ಕಽ ತಿದ್ರಿ ಅಂತೀನಿ."